ಹಡಗಿಗೆ ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಹಾಕಿದರೆ ಸಾಕಾಗುತ್ತದಾ?

ಅಲೆಗಾರ:
ಕಾಲೇಜು ಪ್ರಾಜೆಕ್ಟ್‌ಗೆ ಹಡಗಿನ ಡೀಸೆಲ್ ಖರ್ಚು, ಹೊಗೆ ಎರಡೂ ಕಡಿಮೆ ಮಾಡುವ ವಿಷಯ ತೆಗೆದುಕೊಂಡಿದ್ದೇನೆ. ಸೂಪರ್ ಕೆಪಾಸಿಟರ್ (ರಾಸಾಯನಿಕ ಕ್ರಿಯೆ ಇಲ್ಲದೆ ವಿದ್ಯುತ್ ಚಾರ್ಜನ್ನೇ ಹಿಡಿದಿಡುವ ಸಾಧನ) ನಿಮಿಷಗಳಲ್ಲಿ ಚಾರ್ಜ್ ಆಗುತ್ತದೆ, ಲಕ್ಷಗಟ್ಟಲೆ ಸಲ ಚಾರ್ಜ್ ಮಾಡಿದರೂ ಬಾಳಿಕೆ ಬರುತ್ತದೆ ಅಂತ ಓದಿದೆ. ಹಾಗಿದ್ದರೆ ಎಲ್ಲ ಹಡಗಿಗೂ ಇದನ್ನೇ ಯಾಕೆ ಹಾಕಬಾರದು? ಲೆಕ್ಕ ಸಮೇತ ಯಾರಾದರೂ ಹೇಳುತ್ತೀರಾ?

ತಂತಿಮನೆ:
ಒಂದೇ ಒಂದು ಸೂಪರ್ ಕೆಪಾಸಿಟರ್ ಸೆಲ್ ತೆಗೆದುಕೊಳ್ಳಿ. 3000 ಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ), 2.7 ವೋಲ್ಟ್, ತೂಕ ಸುಮಾರು ಅರ್ಧ ಕಿಲೋ, ನೋಡೋಕೆ ತಂಪು ಪಾನೀಯದ ಸಣ್ಣ ಕ್ಯಾನ್ ಥರ ಇರುತ್ತದೆ. ಶಕ್ತಿಯ ಸೂತ್ರ ½CV² (C ಅಂದರೆ ಫ್ಯಾರಡ್, V ಅಂದರೆ ವೋಲ್ಟ್) ಹಾಕಿದರೆ 10,935 ಜೂಲ್, ಅಂದರೆ ಬರೀ 3 ವ್ಯಾಟ್ ಅವರ್. ನಿಮ್ಮ ಜೇಬಿನ ಫೋನ್ ಬ್ಯಾಟರಿಯಲ್ಲಿ ಇದರ ಐದು ಪಟ್ಟು ಇರುತ್ತದೆ, ತೂಕ ಮಾತ್ರ ಎಷ್ಟೋ ಕಡಿಮೆ. ದಿನಗಟ್ಟಲೆ ಓಡುವ ಸರಕು ಹಡಗಿಗೆ ಇದನ್ನು ತುಂಬಿದರೆ ಸರಕಿಗೇ ಜಾಗ ಉಳಿಯುವುದಿಲ್ಲ.

ದಡದಿಂದ_ದಡಕ್ಕೆ:
ಲೆಕ್ಕ ಸರಿ, ಆದರೆ ಅಷ್ಟಕ್ಕೇ ಕೈಬಿಡಬೇಡಿ. ಫ್ರಾನ್ಸ್‌ನ ಲೋರಿಯಾಂ ಬಂದರಿನಲ್ಲಿ 2013ರಲ್ಲೇ ಆರ್ ವಾಗ್ ತ್ರೆದಾನ್ ಅನ್ನೋ ಪ್ರಯಾಣಿಕರ ದೋಣಿ ಸೂಪರ್ ಕೆಪಾಸಿಟರ್ ಮೇಲೆ ಓಡಲು ಶುರು ಮಾಡಿತು. ದಾಟುವ ದೂರ ಚಿಕ್ಕದು, ದಡಕ್ಕೆ ಬಂದಾಗ ಸುಮಾರು ನಾಲ್ಕು ನಿಮಿಷ ಚಾರ್ಜ್, ಜನ ಇಳಿದು ಹತ್ತುವಷ್ಟರಲ್ಲಿ ಕೆಲಸ ಮುಗಿಯಿತು. ದಿನಕ್ಕೆ ಹತ್ತಾರು ಸಲ ಹೀಗೆ ಪೂರ್ತಿ ಖಾಲಿ ಮಾಡಿ ತುಂಬಿದರೆ ಬ್ಯಾಟರಿ ಬೇಗ ಸೋಲುತ್ತದೆ, ಕೆಪಾಸಿಟರ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಅಲೆಗಾರ:
ಅಂದರೆ ಚಿಕ್ಕ ದೋಣಿಗೆ ಮಾತ್ರ ಅಂತಾಯ್ತು, ಅಲ್ವಾ?

ಇಂಜಿನ್‌ರೂಮ್:
ಅಲ್ಲ, ದೊಡ್ಡ ಹಡಗಿನಲ್ಲೂ ಕೆಲಸ ಇದೆ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡಿ. ನಾನು ಕೆಲಸ ಮಾಡಿದ ಹಡಗು ಲಂಗರು ಹಾಕದೆ, ಥ್ರಸ್ಟರ್ (ಹಡಗನ್ನು ಬೇಕಾದ ದಿಕ್ಕಿಗೆ ತಳ್ಳುವ ಪ್ರೊಪೆಲರ್) ಬಲದಿಂದಲೇ ಒಂದೇ ಜಾಗದಲ್ಲಿ ನಿಲ್ಲಬೇಕಿತ್ತು. ಒಂದು ಜನರೇಟರ್ ಸಾಕಾಗುವಾಗಲೂ ಎರಡು ಓಡಿಸುತ್ತಿದ್ದೆವು, ಯಾಕೆಂದರೆ ಒಂದು ಕೈಕೊಟ್ಟರೆ ಹಡಗು ಜಾಗ ಬಿಟ್ಟು ಸರಿಯುತ್ತದೆ. ಎರಡು ಜನರೇಟರ್‌ಗಳೂ ತಮ್ಮ ಸಾಮರ್ಥ್ಯದ ಕಾಲು ಭಾಗ ಲೋಡ್‌ನಲ್ಲಿ ಓಡುತ್ತಾ ಇರುತ್ತವೆ, ಡೀಸೆಲ್ ಇಂಜಿನ್‌ಗೆ ಅದರಷ್ಟು ಕೆಟ್ಟ ಸ್ಥಿತಿ ಇನ್ನೊಂದಿಲ್ಲ. ಪ್ರತಿ ಯೂನಿಟ್ ಕರೆಂಟ್‌ಗೆ ಡೀಸೆಲ್ ಜಾಸ್ತಿ, ಮಸಿ ಜಾಸ್ತಿ. ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಬಿಚ್ಚಿ ಆ ಅಂಟು ಮಸಿ ಕೆರೆದು ತೆಗೆದವರಿಗೆ ಗೊತ್ತು.

ಈಗ ಕೆಪಾಸಿಟರ್ ಇದ್ದರೆ ಏನಾಗುತ್ತದೆ? ಎರಡನೇ ಜನರೇಟರ್ ನಿಲ್ಲಿಸಿಡಬಹುದು; ಓಡುತ್ತಿರುವುದು ಕೈಕೊಟ್ಟರೆ, ನಿಂತಿರುವ ಜನರೇಟರ್ ಸ್ಟಾರ್ಟ್ ಆಗಿ ಲೋಡ್ ಹೊರುವವರೆಗೆ ಕೆಪಾಸಿಟರ್ ಕರೆಂಟ್ ಕೊಟ್ಟರೆ ಸಾಕು. 1 ಮೆಗಾವ್ಯಾಟ್‌ನ್ನು 30 ಸೆಕೆಂಡ್ ಕೊಡಬೇಕು ಅಂದುಕೊಳ್ಳಿ, 8.3 ಕಿಲೋವ್ಯಾಟ್ ಅವರ್ ಆಯ್ತು. ವೋಲ್ಟೇಜ್ ಅರ್ಧಕ್ಕೆ ಇಳಿಯುವವರೆಗೆ ಬಳಸಿದರೆ ಮುಕ್ಕಾಲು ಭಾಗ ಶಕ್ತಿ ಸಿಗುತ್ತದೆ, ಅದಕ್ಕೆ ಸುಮಾರು 11 ಕಿಲೋವ್ಯಾಟ್ ಅವರ್ ತುಂಬಿಡಬೇಕು. ಸೆಲ್ ತೂಕ ಎರಡು ಟನ್ ಒಳಗೇ ಬರುತ್ತದೆ. ಹಡಗಿಗೆ ಅದು ಭಾರವೇ ಅಲ್ಲ!

ತಂತಿಮನೆ:
ಒಪ್ಪಿದೆ, ನಾನು ದೂರದ ಪ್ರಯಾಣ ಮಾತ್ರ ಯೋಚಿಸಿದ್ದೆ. ಕ್ರೇನ್ ಕೂಡ ಸೇರಿಸಿಕೊಳ್ಳಿ. ಭಾರ ಇಳಿಸುವಾಗ ಮೋಟಾರ್ ವಾಪಸ್ ಕೊಡುವ ಕರೆಂಟ್ ಎಷ್ಟೋ ಕಡೆ ರೆಸಿಸ್ಟರ್‌ನಲ್ಲಿ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಅದನ್ನು ಹಿಡಿದಿಟ್ಟು ಮುಂದಿನ ಸಲ ಎತ್ತುವಾಗ ಕೊಡಬಹುದು. ಆದರೆ ವೋಲ್ಟೇಜ್ ಇಳಿಯುತ್ತಾ ಹೋಗುವುದರಿಂದ ನಡುವೆ ಡಿಸಿ-ಡಿಸಿ ಕನ್ವರ್ಟರ್ (ವೋಲ್ಟೇಜನ್ನು ಬೇಕಾದ ಮಟ್ಟಕ್ಕೆ ಬದಲಿಸುವ ಸಾಧನ) ಬೇಕೇ ಬೇಕು, ಅದರ ತೂಕ, ನಷ್ಟ ಎರಡನ್ನೂ ಪ್ರಾಜೆಕ್ಟ್‌ನಲ್ಲಿ ಬಿಡಬೇಡಿ.

ಅಲೆಗಾರ:
ಎಲ್ಲರಿಗೂ ಥ್ಯಾಂಕ್ಸ್. ವಿಷಯ ಬದಲಿಸುತ್ತಿದ್ದೇನೆ, ಆ ಎರಡನೇ ಜನರೇಟರ್ ನಿಲ್ಲಿಸುವ ಲೆಕ್ಕವನ್ನೇ ಮಾಡುತ್ತೇನೆ. ಇಂಜಿನ್‌ರೂಮ್ ಅವರೇ, ನಿಮ್ಮ ಹಡಗಿನ ಒಂದು ದಿನದ ಲೋಡ್ ಹೇಗೆ ಏರಿಳಿಯುತ್ತಿತ್ತು ಅಂತ ಅಂದಾಜು ಹೇಳಿದರೆ ಅಲ್ಲಿಂದಲೇ ಶುರು ಮಾಡುತ್ತೇನೆ.