ಸೆಸ್ನಾ 140ಕ್ಕೆ ಯಾವ ಟಯರ್? ಹಾಕಿಸಿ ನೋಡಿದವರು ಹೇಳಿ

ಬಾಲಚಕ್ರ46
ಎಲ್ಲರಿಗೂ ನಮಸ್ಕಾರ. ಹೋದ ವರ್ಷ 1946ರ ಸೆಸ್ನಾ 140 ತಗೊಂಡೆ, ಎರಡು ಸೀಟಿನ ಚಿಕ್ಕ ವಿಮಾನ, ಮೂರನೇ ಚಕ್ರ ಬಾಲದ ಕೆಳಗೆ. ಸಿ-85 ಎಂಜಿನ್, ಹಳೇ ಗುಡ್‌ಇಯರ್ ಬ್ರೇಕ್, ವೀಲ್ ಎಕ್ಸ್‌ಟೆಂಡರ್ ಇದೆ. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ಇಟ್ಟಿದ್ದೇನೆ. ಇಳಿಯುವುದು ಹೆಚ್ಚುಕಮ್ಮಿ ಯಾವಾಗಲೂ ಟಾರ್ ಮೇಲೆ, ಆಗೊಮ್ಮೆ ಈಗೊಮ್ಮೆ ಇಲ್ಲೇ ಕ್ಯಾಲಿಫೋರ್ನಿಯಾದ ಕೊಲಂಬಿಯಾ ಊರಿನ ಹುಲ್ಲಿನ ರನ್‌ವೇಗೆ ಹೋಗುವ ಆಸೆ. ಈಗಿರುವ 6.00-6 ಅಳತೆಯ ಟಯರ್‌ಗಳ ಹೊರ ಅಂಚು ಸವೆದು ಹೋಗಿದೆ, ಎಡಗಡೆಯದರಲ್ಲಿ ನೂಲು ಕಾಣುತ್ತಿದೆ. ರಿಟ್ರೆಡ್ (ಹಳೇ ಟಯರಿಗೆ ಹೊಸ ರಬ್ಬರು ಕೂರಿಸಿದ್ದು) ಹಾಕಿಸಲಾ, ಹೊಸದಾ, ಇಲ್ಲ ಇನ್ನೂ ದಪ್ಪದ 8.00-6ಕ್ಕೆ ಹೋಗಲಾ? ಟ್ಯೂಬ್ ಸೇರಿ 600 ಡಾಲರ್ ಒಳಗೆ ಮುಗಿಯಬೇಕು. ಮನೆಯಲ್ಲಿ ಈ ವಿಷಯಕ್ಕೆ ಈಗಾಗಲೇ ಒಂದು ಸುತ್ತು ಮಾತಾಗಿದೆ.

ಐಡಾಹೊ ಮಲೆನಾಡಿಗ
ಟಯರ್ ವಿಷಯದಲ್ಲಿ ಜುಗ್ಗತನ ಮಾಡಬೇಡಿ ಗುರು. ನಾನು ನನ್ನ ಸೂಪರ್ ಕಬ್ ವಿಮಾನಕ್ಕೆ 8.50-6 ಹಾಕಿಕೊಂಡು ಸಾಕಷ್ಟು ಒದ್ದಾಡಿ, ಆಮೇಲೆ ಸೀದಾ 31 ಇಂಚಿನ ಬುಶ್‌ವೀಲ್‌ಗೆ, ಅಂದರೆ ಕಲ್ಲು ಮಣ್ಣಿನ ಮೇಲೆ ಇಳಿಯೋ ದೊಡ್ಡ ಮೆತ್ತನೆ ಟಯರಿಗೆ ಹೋದೆ. ಲೆಕ್ಕ ಬರೆದಿಟ್ಟಿದ್ದೇನೆ, ನೋಡಿ. ಜೋಡಿ ಟಯರ್ 4,600 ಡಾಲರ್. ಸಾಗಣೆ 180. ಅಷ್ಟು ದೊಡ್ಡ ಟಯರನ್ನು ಹಳೇ ಬ್ರೇಕು ಹಿಡಿಯಲ್ಲ, ಡಬಲ್ ಪಕ್ ಬ್ರೇಕ್ ಹಾಕಿಸಲೇಬೇಕು, ಅದು 1,900. ಮೂತಿ ಮೇಲೆದ್ದಿತು ಅಂದ ಮೇಲೆ ಬಾಲದ ಸ್ಪ್ರಿಂಗ್ ಕೋನ ಕೆಡುತ್ತೆ, ಹಿಂದಿನ ಚಕ್ರ ಗಡಗಡ ನಡುಗೋಕೆ ಶುರುವಾಗುತ್ತೆ. ಹೊಸ ಸ್ಪ್ರಿಂಗ್ 260, ಚಕ್ರ ಬಿಚ್ಚಿ ಒಳಗಿನ ಸಾಮಾನು ಬದಲಾಯಿಸಿದ್ದು 140. ಪೇಪರ್ ಕೆಲಸಕ್ಕೆ ಐಎ, ಅಂದರೆ ತಪಾಸಣೆ ಮಾಡಿ ಸಹಿ ಹಾಕುವ ಅಧಿಕಾರ ಇರೋ ಮೆಕ್ಯಾನಿಕ್, ತಗೊಂಡಿದ್ದು 450. ಒಟ್ಟು 7,530. ಕ್ರೂಸ್‌ನಲ್ಲಿ ಎಂಟು ಮೈಲಿ ವೇಗವೂ ಹೋಯಿತು, ಹೋಗಲಿ. ಆರು ಪಿಎಸ್‌ಐ ಗಾಳಿ ಇಟ್ಟರೆ ತೆಂಗಿನಕಾಯಿ ಗಾತ್ರದ ಕಲ್ಲು ಸಿಕ್ಕರೂ ಟಯರೇ ನುಂಗಿಕೊಂಡು ಹೋಗುತ್ತೆ, ನಿಮ್ಮ ಸೊಂಟಕ್ಕೆ ಗೊತ್ತೇ ಆಗಲ್ಲ. ಒಂದು ಡಾಲರ್ ಕೂಡ ದಂಡ ಅಂತ ಅನಿಸಿಲ್ಲ. ನಮ್ಮ ಐಡಾಹೊ ಬೆಟ್ಟದ ನಡುವಿನ ಜಾನ್ಸನ್ ಕ್ರೀಕ್ ರನ್‌ವೇಗೆ ಬಂದು ಇಳಿದು ನೋಡಿ, ಆಮೇಲೆ 6.00-6 ಬಗ್ಗೆ ಮಾತಾಡಿ.

ಟಾರ್ ರೋಡ್ ರಾಯ
ಜಾನ್ಸನ್ ಕ್ರೀಕ್‌ಗಾ? ಅದು 3,400 ಅಡಿ ಉದ್ದದ, ನೀಟಾಗಿ ಕತ್ತರಿಸಿದ ಹುಲ್ಲು ಮಾರಾಯ್ರೆ. ಬೇಸಿಗೆಯಲ್ಲಿ ಅಲ್ಲಿ ಸೆಸ್ನಾ 172ಗಳು ಸಾಲಾಗಿ ನಿಂತಿರುತ್ತವೆ, ಮಾಮೂಲಿ ಟಯರ್ ಹಾಕಿಕೊಂಡೇ. ಅದಕ್ಕೆ 31 ಇಂಚು ಯಾಕೆ, ಫೋಟೋಗಾ?

ಇಂಥದೇ ಮಾತು ಕೇಳಿ ನಾನೂ ನನ್ನ ಸಿಟಾಬ್ರಿಯಾ ವಿಮಾನಕ್ಕೆ 29 ಇಂಚಿನ ಮೆತ್ತನೆ ಟಯರ್ ಹಾಕಿಸಿದೆ. ಯಾವ ಕಂಪನಿ ಅಂತ ಹೇಳಲ್ಲ. 3,900 ಡಾಲರ್. ನಮ್ಮೂರ ರನ್‌ವೇ ಟಾರು, ಟ್ಯಾಕ್ಸಿವೇ ಟಾರು, ಹ್ಯಾಂಗರ್ ಮುಂದೆ ಕಾಂಕ್ರೀಟು. ಮೆತ್ತನೆ ರಬ್ಬರು ಬಿಸಿ ಟಾರಿನ ಮೇಲೆ ಎಷ್ಟು ದಿನ ಬಾಳುತ್ತೆ? ಒಂದೇ ಬೇಸಿಗೆಗೆ ನುಣ್ಣಗಾಯಿತು. ಇಳಿಯುವಾಗ ಚೂರು ಅಡ್ಡ ಆದರೆ ಸಾಕು, ಒಂದು ಪದರ ಎದ್ದು ಬರುತ್ತಿತ್ತು. ಮಾರಿದವನಿಗೆ ಫೋನ್ ಮಾಡಿದರೆ "ಹುಲ್ಲಿನ ಮೇಲೆ ಇಳಿಯಿರಿ ಸಾರ್" ಅಂದ. ರನ್‌ವೇ ಪಕ್ಕದ ಹುಲ್ಲಿನಲ್ಲಿ ಇಳಿದರೆ ಏರ್‌ಪೋರ್ಟ್ ಮ್ಯಾನೇಜರ್ ಕೆಂಗಣ್ಣು. ಕೊನೆಗೆ ಬಿಚ್ಚಿಸಿ 300ಕ್ಕೆ ಮಾರಿದೆ, ತಗೊಂಡವನೂ ಒಂದು ತಿಂಗಳು ಬಿಟ್ಟು ಬೈದು ಮೆಸೇಜ್ ಹಾಕಿದ. ಆಮೇಲೆ ಸೆಕೆಂಡ್ ಹ್ಯಾಂಡ್ 8.50-6 ಜೋಡಿಗೆ 340, ಟ್ಯೂಬ್ 190, ಸಾಗಣೆ 65, ಮತ್ತೆ ಲೇಬರ್. ಮೂರು ಸಾವಿರದ ಆರುನೂರು ಡಾಲರ್ ನಮ್ಮೂರ ರನ್‌ವೇ ಮೇಲೆ ಕಪ್ಪು ಗೆರೆಯಾಗಿ ಬಿದ್ದಿದೆ, ಬೇಕಾದವರು ಬಂದು ನೋಡಿಕೊಂಡು ಹೋಗಬಹುದು.

ಐಡಾಹೊ ಮಲೆನಾಡಿಗ
ಟಾರ್ ಮೇಲೆ ಓಡಿಸೋಕೆ ಬುಶ್ ಟಯರ್ ತಗೊಂಡಿದ್ದು ನೀವು, ಬೈಸಿಕೊಳ್ಳುವುದು ಟಯರಾ? ಮತ್ತೆ ನಾನು ಹೇಳಿದ್ದು ಜಾನ್ಸನ್ ಕ್ರೀಕ್ ಒಂದನ್ನೇ ಅಲ್ಲ. ಯೂಟಾದ ಮಿನರಲ್ ಕ್ಯಾನ್ಯನ್‌ಗೆ ಬನ್ನಿ, ಮಳೆ ಬಿದ್ದ ಮೇಲೆ.

ಟಾರ್ ರೋಡ್ ರಾಯ
ಮಳೆ ಬಿದ್ದ ಮೇಲೆ ಮಣ್ಣಿನ ಸ್ಟ್ರಿಪ್‌ಗೆ ಹೋಗುವವರಿಗೆ ಬೇಕಾಗಿರೋದು ಟಯರ್ ಅಲ್ಲ, ಬುದ್ಧಿ.

ಹುಬ್ಬಳ್ಳಿ ಹಕ್ಕಿ
ಇಬ್ಬರೂ ಸುಮ್ನಿರಿ. ಅವರು ಕೇಳಿದ್ದು 600 ಡಾಲರ್ ಒಳಗೆ.

ನನ್ನದು ಸೆಸ್ನಾ 170ಬಿ. ಮೊದಲಿನಿಂದಲೂ ರಿಟ್ರೆಡ್ಡೇ ಹಾಕೋದು, ಅದೇನು ನಾಚಿಕೆಯ ವಿಷಯ ಅಲ್ಲ. ದೊಡ್ಡ ದೊಡ್ಡ ಏರ್‌ಲೈನ್‌ಗಳೇ ರಿಟ್ರೆಡ್ ಮೇಲೆ ಇಳಿಯುತ್ತವೆ. ಟಯರ್ ನನಗೆ ಎಂದೂ ಕೈಕೊಟ್ಟಿಲ್ಲ, ಕೈಕೊಟ್ಟಿದ್ದು ಟ್ಯೂಬು. ಆನ್‌ಲೈನ್‌ನಲ್ಲಿ ಒಂದು ಅಂಗಡಿಯವನು ಅಗ್ಗಕ್ಕೆ ಕೊಟ್ಟ, 46 ಡಾಲರ್. ಗಾಳಿ ಹಿಡಿದಿಡೋ ಬ್ಯುಟೈಲ್ ರಬ್ಬರ್ ಅಲ್ಲ, ಮಾಮೂಲಿ ರಬ್ಬರ್. ವಾರ ಕಳೆದರೆ ಐದಾರು ಪಿಎಸ್‌ಐ ಮಾಯ. ಗಾಳಿ ಕಮ್ಮಿ ಇದ್ದರೆ ಬ್ರೇಕ್ ಒತ್ತಿದಾಗ ರಿಮ್ ತಿರುಗುವುದು ನಿಲ್ಲುತ್ತೆ, ಟಯರ್ ಮಾತ್ರ ಇನ್ನಷ್ಟು ಜರುಗುತ್ತೆ, ಅದರ ಜೊತೆ ಟ್ಯೂಬೂ ಜರುಗಿ ವಾಲ್ವ್ ಕಾಂಡವನ್ನು ರಿಮ್ ಕತ್ತರಿಸಿ ಹಾಕುತ್ತೆ. ನನಗೆ ಆದದ್ದೂ ಅದೇ. ರನ್‌ವೇ ಮಧ್ಯದಲ್ಲಿ ಬಲಗಡೆ ಟಯರ್ ಚಪ್ಪಟೆ. ವಿಮಾನ ಎತ್ತಿ ಡಾಲಿ ಮೇಲೆ ಕೂರಿಸಿ ಎಳೆದದ್ದಕ್ಕೆ 275, ರನ್‌ವೇ ಮುಚ್ಚಿಸಿದ್ದಕ್ಕೆ ಹಿಂದೆ ಕಾಯುತ್ತಿದ್ದ ನಾಲ್ಕು ಜನರಿಂದ ಬೈಗುಳ ಪುಕ್ಕಟೆ. ಆಮೇಲೆ 98 ಡಾಲರಿನ ಬ್ಯುಟೈಲ್ ಟ್ಯೂಬ್ ಹಾಕಿಸಿದೆ, ತಿಂಗಳಾದರೂ ಗಾಳಿ ಇಳಿಯಲ್ಲ. ಟಯರಿಗೂ ರಿಮ್ಮಿಗೂ ಸೇರಿಸಿ ಒಂದು ಕೆಂಪು ಗೆರೆ ಎಳೆಯಿರಿ, ಗೆರೆ ಮುರಿದಿದ್ದರೆ ಟಯರ್ ಜರುಗಿದೆ ಅಂತ ಅರ್ಥ.

ಹೊರ ಅಂಚು ಸವೆಯೋದಕ್ಕೆ ಹೊಸ ಟಯರ್ ಔಷಧಿ ಅಲ್ಲ. ಸ್ಪ್ರಿಂಗ್ ಸ್ಟೀಲ್ ಕಾಲು, ಒಬ್ಬರೇ ಹಾರುವಾಗ ಭಾರ ಕಮ್ಮಿ, ಚಕ್ರ ಹೊರಕ್ಕೆ ವಾಲಿಕೊಂಡೇ ಉರುಳುತ್ತೆ. ಆಕ್ಸಲ್ ಹಿಂದೆ ಶಿಮ್ (ತೆಳು ಲೋಹದ ತುಂಡು) ಕೊಟ್ಟು ಸರಿ ಮಾಡಿಸಿ, ಅರ್ಧ ಸವೆದಾಗ ಟಯರ್ ಬಿಚ್ಚಿ ಮಗ್ಗುಲು ತಿರುಗಿಸಿ ಹಾಕಿ. ನಮ್ಮವರು ನೂಲು ಕಾಣೋ ತನಕ ಕಾಯುತ್ತಾರೆ.

ಕಿಟ್‌ಫಾಕ್ಸ್ ಕಿಟ್ಟಿ
ಇದಕ್ಕೇ ನಾನು ಎಕ್ಸ್‌ಪೆರಿಮೆಂಟಲ್ ವಿಮಾನ ಕೈಯಾರೆ ಕಟ್ಟಿಕೊಂಡಿದ್ದು. ಹುಲ್ಲು ಕತ್ತರಿಸುವ ಗಾಡಿಯ ಟಯರ್, ಎರಡಕ್ಕೆ ಸೇರಿ 130 ಡಾಲರ್. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ. ಬದಲಾವಣೆಗೆ ತುಂಬೋ 337 ಫಾರಂ ಇಲ್ಲ, ಎಸ್‌ಟಿಸಿ ಅನ್ನೋ ಒಪ್ಪಿಗೆ ಪತ್ರ ಇಲ್ಲ, ಯಾರ ಕಾಲೂ ಹಿಡಿಯಬೇಕಿಲ್ಲ.

ರೆಂಚು ಹಿಡಿದವ
ಸರ್, ನಿಮ್ಮ ವಿಮಾನಕ್ಕೆ ನೀವು ಏನಾದರೂ ಹಾಕಿಕೊಳ್ಳಿ. ಇಲ್ಲಿ ಕೇಳುತ್ತಿರುವವರದ್ದು ಸರ್ಟಿಫೈಡ್, ಅಂದರೆ ಸರ್ಕಾರ ಒಪ್ಪಿದ ಮಾದರಿಯ ವಿಮಾನ, ಅವರ ತಲೆ ಕೆಡಿಸಬೇಡಿ. ಆ ಟಯರ್ ಮಾಡಿರೋದು ನಡಿಗೆ ವೇಗದಲ್ಲಿ ಓಡೋ ಗಾಡಿಗೆ.

ಕಿಟ್‌ಫಾಕ್ಸ್ ಕಿಟ್ಟಿ
ನಾನು ಇಳಿಯುವುದೇ ಗಂಟೆಗೆ 40 ಮೈಲಿಯಲ್ಲಿ. ಐಎಗಳಿಗೆ ಹೊಟ್ಟೆ ಉರಿ, ಸಹಿಗೆ 450 ಸಿಗಲ್ಲ ಅಂತ.

ರೆಂಚು ಹಿಡಿದವ
ಆ 450 ತಗೊಂಡವನು ನಾನಲ್ಲ. ಆದರೆ ಆ ಸಹಿ ಹಾಕಿದವನ ಲೈಸೆನ್ಸ್ ಆ ಕಾಗದದ ಮೇಲೆ ಕೂತಿರುತ್ತೆ, ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ನನ್ನ ಹ್ಯಾಂಗರಿಗೆ ಒಬ್ಬರು ದೊಡ್ಡ ಟಯರ್ ಹಾಕಿದ 140 ತಂದಿದ್ದರು. ಲಾಗ್‌ಬುಕ್‌ನಲ್ಲಿ ಒಂದು ಅಕ್ಷರ ಇಲ್ಲ. ಆನ್ಯುಯಲ್‌ಗೆ, ಅಂದರೆ ವರ್ಷದ ತಪಾಸಣೆಗೆ, ಸಹಿ ಹಾಕಲ್ಲ ಅಂದೆ. ವಾದ ಮಾಡಿದರು, ಬೇರೆ ಕಡೆ ಹೋದರು, ಅಲ್ಲೂ ಆಗಲಿಲ್ಲ, ಆರು ವಾರ ಬಿಟ್ಟು ಹಳೇ ಟಯರ್ ಹಿಡಿದುಕೊಂಡು ವಾಪಸ್ ಬಂದರು. ಅಷ್ಟೂ ದಿನ ವಿಮಾನ ಕಟ್ಟಿ ನಿಲ್ಲಿಸಿದ್ದರ (ಟೈಡೌನ್) ಬಾಡಿಗೆ ಅವರದ್ದೇ.

ಅದೇ ಅಳತೆಯ ಟಯರ್ ಬದಲಾಯಿಸುವುದು ಓನರ್ ಪೈಲಟ್ ತಾನೇ ಮಾಡಬಹುದಾದ ಕೆಲಸ, ಅಮೆರಿಕದ ವಿಮಾನ ನಿಯಮ ಪಾರ್ಟ್ 43ರ 'ಎ' ಅಪೆಂಡಿಕ್ಸ್‌ನಲ್ಲೇ ಇದೆ. ಲಾಗ್‌ಬುಕ್‌ನಲ್ಲಿ ಬರೆದರೆ ಮುಗಿಯಿತು. ಅಳತೆ ಬದಲಾದರೆ ಟೈಪ್ ಸರ್ಟಿಫಿಕೇಟ್ ಡೇಟಾ ಶೀಟ್ ನೋಡಿ, ಆ ಮಾದರಿಗೆ ಏನೇನು ಒಪ್ಪಿಗೆ ಇದೆ ಅನ್ನೋ ಪಟ್ಟಿ ಅದು, ಅದರಲ್ಲಿ ಇಲ್ಲದಿದ್ದರೆ ಕಾಗದ ಬೇಕೇ ಬೇಕು.

ಇನ್ನೊಂದು ವಿಷಯ, ಯಾರೂ ಕೇಳಲಿಲ್ಲ. ನಿಮ್ಮ ವೀಲ್ ಎಕ್ಸ್‌ಟೆಂಡರ್. ಹಳೇ 140ಗಳು ಜೋರಾಗಿ ಬ್ರೇಕ್ ಒತ್ತಿದರೆ ಮೂಗು ಕುಟ್ಟುತ್ತಿದ್ದವು ಅಂತ ಚಕ್ರವನ್ನು ಮುಂದಕ್ಕೆ ಜರುಗಿಸೋಕೆ ಹಾಕುತ್ತಿದ್ದ ತುಂಡು ಅದು. ಮೂಗು ಕುಟ್ಟೋದು ಕಮ್ಮಿ ಆಗುತ್ತೆ, ಆದರೆ ಭಾರ ಚಕ್ರದಿಂದ ಇನ್ನೂ ಹಿಂದೆ ಹೋದ ಹಾಗೆ ಆಗಿ ಗ್ರೌಂಡ್ ಲೂಪ್, ಅಂದರೆ ನೆಲದ ಮೇಲೆ ಓಡುವಾಗ ವಿಮಾನ ಗಿರ್ರನೆ ತಿರುಗೋದು, ಬೇಗ ಹಿಡಿಯುತ್ತೆ. ಅದರ ಮೇಲೆ ದೊಡ್ಡ ಟಯರ್ ಬೇರೆ ಹಾಕಿದರೆ ಮೂತಿ ಇನ್ನಷ್ಟು ಮೇಲೆ, ಮುಂದಿನದು ಕಾಣಿಸಲ್ಲ. ಗುಡ್‌ಇಯರ್ ಬ್ರೇಕಿಗೆ 6.00-6 ನಿಲ್ಲಿಸೋದರಲ್ಲೇ ಸಾಕುಸಾಕಾಗುತ್ತೆ.

ಪುಷ್ಪಕ ಕಾಲದವ
ನೀವೆಲ್ಲ ಅದೃಷ್ಟವಂತರು. ಬೆಂಗಳೂರಿನಲ್ಲಿ ಎಚ್‌ಎಎಲ್ ಮಾಡಿದ ಪುಷ್ಪಕ, 1958ರಲ್ಲಿ ಮೊದಲು ಹಾರಿದ್ದು, 90 ಕುದುರೆಯ ಕಾಂಟಿನೆಂಟಲ್ ಎಂಜಿನ್, ಬಾಲಚಕ್ರ. ನಾನು ಕಲಿತದ್ದು ಅದರಲ್ಲಿ. ಯಾವ ಟಯರ್ ಅಂತ ಆರಿಸುವ ಮಾತೇ ಇರಲಿಲ್ಲ. ಇಂಡೆಂಟ್ ಹಾಕಿ ಕಾಯಬೇಕು. ನಮ್ಮ ಕ್ಲಬ್ಬಿನಲ್ಲಿ ಎರಡು ವಿಮಾನ ಇದ್ದವು, ಒಂದರ ಚಕ್ರ ಬಿಚ್ಚಿ ಇನ್ನೊಂದಕ್ಕೆ ಹಾಕಿ ಹಾರುತ್ತಿದ್ದೆವು. ನಾನು ಮೊದಲ ಸೋಲೋಗೆ ಕಾದದ್ದು ಹವಾಮಾನಕ್ಕಲ್ಲ, ಟಯರಿಗೆ. ಹಾಗಾಗಿ ಟಯರ್ ಉಳಿಸೋಕೆ ತ್ರೀ ಪಾಯಿಂಟ್, ಅಂದರೆ ಮೂರೂ ಚಕ್ರ ಒಟ್ಟಿಗೆ ನೆಲ ಮುಟ್ಟುವ ಹಾಗೆ ಇಳಿಸುವುದನ್ನೇ ಕಲಿಸಿದರು. ನಿಧಾನಕ್ಕೆ ಇಳಿದರೆ ಟಯರ್ ಸವೆಯಲ್ಲ. ಈಗಿನವರು ವೀಲ್ ಲ್ಯಾಂಡಿಂಗ್ ಅಂತ ಬಾಲ ಎತ್ತಿಕೊಂಡು ಮುಂದಿನ ಎರಡೇ ಚಕ್ರದ ಮೇಲೆ ಜೋರಾಗಿ ಬಂದು ರಬ್ಬರು ಉಜ್ಜುತ್ತಾರೆ.

ಐಡಾಹೊ ಮಲೆನಾಡಿಗ
ಸರ್, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅಡ್ಡಗಾಳಿಯಲ್ಲಿ ತ್ರೀ ಪಾಯಿಂಟ್ ಮಾಡಿ ರನ್‌ವೇ ಪಕ್ಕದ ದೀಪ ಒಡೆದವರನ್ನು ನಾನೇ ನೋಡಿದ್ದೇನೆ. ವೀಲ್ ಲ್ಯಾಂಡಿಂಗ್‌ನಲ್ಲಿ ರಡರ್ ಕೈಗೆ ಸಿಗುತ್ತೆ, ಮುಂದೆ ಕಾಣುತ್ತೆ.

ಪುಷ್ಪಕ ಕಾಲದವ
ರಡರ್ ಸಿಗುವುದು ಕೈಗಲ್ಲ ತಮ್ಮ, ಕಾಲಿಗೆ. ಅಡ್ಡಗಾಳಿ ನಮ್ಮಲ್ಲೂ ಬೀಸುತ್ತಿತ್ತು.

ಹುಬ್ಬಳ್ಳಿ ಹಕ್ಕಿ
ಬಂತು ನೋಡಿ. ಬಾಲಚಕ್ರದ ಮಾತು ಎಲ್ಲಿಂದ ಶುರು ಮಾಡಿದರೂ ಇಲ್ಲಿಗೇ ಬಂದು ನಿಲ್ಲುತ್ತೆ.

ಟಾರ್ ರೋಡ್ ರಾಯ
ವೀಲ್ ಲ್ಯಾಂಡಿಂಗ್ ಮಾಡಿದರೆ ಟಯರ್ ಜಾಸ್ತಿ ಸವೆಯುತ್ತೆ ಅನ್ನೋದು ನಿಜ. ನನ್ನ 3,600 ಡಾಲರ್ ಸಾಕ್ಷಿ.

ಐಡಾಹೊ ಮಲೆನಾಡಿಗ
ನಿಮ್ಮ 3,600 ಎಲ್ಲಕ್ಕೂ ಸಾಕ್ಷಿ. ನಾಳೆ ಪೆಟ್ರೋಲ್ ರೇಟ್ ಏರಿದರೂ ಅದನ್ನೇ ತೋರಿಸುತ್ತೀರಿ.

ಬಾಲಚಕ್ರ46
ಎಲ್ಲರಿಗೂ ಥ್ಯಾಂಕ್ಸ್. 6.00-6 ಅಳತೆಯಲ್ಲೇ ಇರುತ್ತೇನೆ. ರಿಟ್ರೆಡ್ 118 ಡಾಲರಿನಂತೆ ಎರಡು, ಬ್ಯುಟೈಲ್ ಟ್ಯೂಬ್ 92ರಂತೆ ಎರಡು, ಸಾಗಣೆ 38, ಒಟ್ಟು 458. ಟ್ಯೂಬಿಗೆ ಸವರೋ ಟಾಲ್ಕ್ ಪೌಡರ್ ಮನೆಯಲ್ಲೇ ಇದೆ. ಹಕ್ಕಿ ಮೇಡಂ, ನಿಮ್ಮ ಶಿಮ್ ವಿಷಯವನ್ನು ನಮ್ಮ ಮೆಕ್ಯಾನಿಕ್‌ಗೆ ಹೇಳಿದೆ, ಬರುವ ಶನಿವಾರ ಅಳೆದು ನೋಡೋಣ ಅಂದರು. ಉಳಿದ ದುಡ್ಡಲ್ಲಿ ಬ್ರೇಕ್ ನೋಡಿಸಬೇಕು. ಗುಡ್‌ಇಯರ್ ಬ್ರೇಕ್ ಡಿಸ್ಕ್ ಅಲ್ಲಾಡದ ಹಾಗೆ ಹಿಡಿಯುವ ಕ್ಲಿಪ್ ಎರಡು ಉದುರಿ ಹೋಗಿವೆ, ಟ್ಯಾಕ್ಸಿ ಮಾಡುವಾಗ ಕಟಕಟ ಸದ್ದು. ಯಾರ ಹತ್ತಿರಾದರೂ ಇದೆಯಾ?

ಐಡಾಹೊ ಮಲೆನಾಡಿಗ
ಇನ್ನೂ ಗುಡ್‌ಇಯರ್ ಬ್ರೇಕ್ ಇಟ್ಟುಕೊಂಡಿದ್ದೀರಾ? ಕ್ಲೀವ್‌ಲ್ಯಾಂಡ್ ಹಾಕಿಸಿ ಗುರು. ನಾನು ಹಾಕಿಸಿದಾಗಿನ ಲೆಕ್ಕ ಇದೆ, ಕಳಿಸಲಾ?

ರೆಂಚು ಹಿಡಿದವ
ಬೇಡ. ಬಾಲಚಕ್ರ ಅವರೇ, ಕ್ಲಿಪ್ ನನ್ನ ಹತ್ತಿರ ನಾಲ್ಕು ಇವೆ, ಹಳೇ ವೀಲ್‌ನಿಂದ ಬಿಚ್ಚಿದ್ದು. ಪೋಸ್ಟ್ ಖರ್ಚು ಕೊಡಿ, ಕಳಿಸುತ್ತೇನೆ. ಅಂದ ಹಾಗೆ ವೀಲ್ ಎರಡು ಭಾಗ ಬಿಡಿಸುವ ಮೊದಲು ವಾಲ್ವ್ ಕೋರ್ ತೆಗೆದು ಗಾಳಿ ಪೂರ್ತಿ ಬಿಡಿ, ಆಮೇಲೆ ಬೋಲ್ಟ್ ಮುಟ್ಟಿ.