ಟ್ರೆಡ್‌ಮಿಲ್ ಇಳಿದ ಮೇಲೆ ಸೊಂಟ ಹಿಡಿದುಕೊಳ್ಳುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಬೆಟ್ಟದತಪ್ಪಲು:
ಎಲ್ಲರಿಗೂ ನಮಸ್ಕಾರ. ಊರು ಮೈಸೂರು, ವಯಸ್ಸು 41. ದಿನಕ್ಕೆ ಎಂಟು ಗಂಟೆ ಕುರ್ಚಿ ಕೆಲಸ. ತಿಂಗಳ ಹಿಂದೆ ಜಿಮ್ ಸೇರಿ, ಎಲ್ಲರೂ ಮಾಡುವ 12-3-30 ಶುರು ಮಾಡಿದೆ. ಇನ್‌ಕ್ಲೈನ್ (ಏರು) 12, ವೇಗ ಗಂಟೆಗೆ 3 ಮೈಲಿ ಅಂದರೆ 4.8 ಕಿ.ಮೀ., ಸಮಯ 30 ನಿಮಿಷ. ವಾರಕ್ಕೆ ಐದು ದಿನ.

ಮೊದಲ ಹದಿನೈದು ನಿಮಿಷ ಏನೂ ಇಲ್ಲ. ಆಮೇಲೆ ಬೆಲ್ಟ್ ಕೂರುವ ಜಾಗದಲ್ಲಿ, ಬಲಗಡೆ ಜಾಸ್ತಿ, ಯಾರೋ ಹೆಬ್ಬೆರಳಿಂದ ಒತ್ತಿ ಹಿಡಿದ ಹಾಗೆ. ಇಳಿದ ಮೇಲೆ ಶೂ ಲೇಸ್ ಬಿಚ್ಚೋಕೂ ಬಗ್ಗಲಾಗುವುದಿಲ್ಲ. ಬೆಳಿಗ್ಗೆ ಬಿಗಿ, ಓಡಾಡಿದರೆ ಸಡಿಲ. ಶೂ ಹೊಸದು. ಭಾರ ಎತ್ತುವುದಿಲ್ಲ. ಸುಮ್ನೆ ನಡೆದರೂ ಸೊಂಟ ನೋಯುತ್ತದಾ?

ರಾಗಿಮುದ್ದೆ76:
ಸೊಂಟಕ್ಕೆ ಬೆಲ್ಟ್ ಕಟ್ಟಿ ಒಂದು ವಾರ ಮಲಗಿಬಿಡಿ ಸರ್. ನಮ್ಮ ಭಾವನಿಗೆ ಹಾಗೇ ಹೋಯಿತು.

ಲಾಲ್‌ಬಾಗ್‌ಸುತ್ತು:
ಮಲಗಬೇಡಿ ಸರ್. ಸಾಮಾನ್ಯ ಸೊಂಟ ನೋವಿಗೆ ಹಾಸಿಗೆ ಹಿಡಿಯಿರಿ ಎಂದು ಈಗ ವೈದ್ಯರೂ ಹೇಳುವುದಿಲ್ಲ. ತಡೆದುಕೊಳ್ಳುವಷ್ಟು ಓಡಾಡಿಕೊಂಡಿರುವುದೇ ಒಳ್ಳೆಯದು.

ಮೊದಲು ಒಂದು ವಿಷಯ ಹೇಳಿ. ನೋವು ಮಂಡಿಯಿಂದ ಕೆಳಕ್ಕೆ ಇಳಿಯುತ್ತದಾ? ಪಾದ ಜೋಮು ಹಿಡಿಯುತ್ತದಾ, ಬೆರಳು ಎತ್ತಲು ಬಲ ಸಾಲದಾ? ಜ್ವರ ಇದೆಯಾ, ಕಾರಣವಿಲ್ಲದೆ ತೂಕ ಇಳಿದಿದೆಯಾ? ಇದ್ದರೆ ಇಲ್ಲಿ ಕೇಳುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ ಅದೇ ದಿನ ಆಸ್ಪತ್ರೆ, ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಅದೇನೂ ಇಲ್ಲ ಅಂದರೆ ಒಂದು ಲೆಕ್ಕ ನೋಡಿ. ಇನ್‌ಕ್ಲೈನ್ 12 ಅಂದರೆ ನೂರು ಮೀಟರಿಗೆ 12 ಮೀಟರ್ ಏರು. ಅರ್ಧ ಗಂಟೆಗೆ ನೀವು ನಡೆಯುವುದು 2.4 ಕಿ.ಮೀ. ಅಂದರೆ ಹತ್ತಿರ ಹತ್ತಿರ 285 ಮೀಟರ್ ಮೇಲೆ ಹತ್ತುತ್ತೀರಿ. ನಿಮ್ಮ ಚಾಮುಂಡಿ ಬೆಟ್ಟ ಊರಿನಿಂದ ಎದ್ದಿರುವುದೇ ಸುಮಾರು 300 ಮೀಟರ್! ಸಾವಿರ ಮೆಟ್ಟಿಲ ಬೆಟ್ಟವನ್ನು ವಾರಕ್ಕೆ ಐದು ಸಲ ಹತ್ತುತ್ತಿದ್ದೇನೆ ಎಂದಿದ್ದರೆ ಇಲ್ಲಿ ಯಾರೂ ‘ಸುಮ್ನೆ ನಡಿಗೆ’ ಅನ್ನುತ್ತಿರಲಿಲ್ಲ.

ಒಂದು ಪರೀಕ್ಷೆ ಮಾಡಿ. ಒಂದು ದಿನ ಇನ್‌ಕ್ಲೈನ್ 0, ವೇಗ ಸಮಯ ಅದೇ ಇರಲಿ. ಮಾರನೇ ದಿನ ಬಿಡುವು. ಮೂರನೇ ದಿನ 12ಕ್ಕೆ ಇಟ್ಟು, ಯಾರಿಗಾದರೂ ಹಿಂದಿನಿಂದ, ಪಕ್ಕದಿಂದ ವಿಡಿಯೋ ತೆಗೆಯಲು ಹೇಳಿ. ನೋವು ಶುರುವಾದ ಕೂಡಲೇ ಇಳಿದುಬಿಡಿ.

ಬೆಟ್ಟದತಪ್ಪಲು:
ಕಾಲಿಗೆ ಇಳಿಯುವುದಿಲ್ಲ, ಜೋಮು ಜ್ವರ ಏನೂ ಇಲ್ಲ. 0ಯಲ್ಲಿ ಅರ್ಧ ಗಂಟೆ ಆರಾಮ. 12ರಲ್ಲಿ ಹದಿನಾಲ್ಕನೇ ನಿಮಿಷಕ್ಕೆ ಹಿಡಿಯಿತು.

ಮಗಳು ವಿಡಿಯೋ ತೆಗೆದಳು. ನೋಡಿ ನಾಚಿಕೆಯಾಯಿತು. ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ಫೋನು, ಕಣ್ಣು ಕ್ರಿಕೆಟ್ ಸ್ಕೋರ್ ಮೇಲೆ. ಸೊಂಟದ ಹತ್ತಿರ ಮಡಚಿಕೊಂಡು ಮುಂದಕ್ಕೆ ಜೋತು ಬಿದ್ದಿದ್ದೇನೆ. ಹಿಂದಿನಿಂದ ನೋಡಿದರೆ ಒಂದು ಭುಜ ಮೇಲೆ, ಒಂದು ಕೆಳಗೆ. “ಅಪ್ಪಾ, ಬಸ್ಸಲ್ಲಿ ನೇತಾಡಿದ ಹಾಗಿದೆ” ಅಂದಳು.

ಫಿಸಿಯೋಅಕ್ಕ:
ಮಗಳು ಸರಿಯಾಗೇ ಹೇಳಿದ್ದಾಳೆ. ಏರಿನಲ್ಲಿ ಮೈ ಮುಂದಕ್ಕೆ ಬಾಗುವುದು ತಪ್ಪಲ್ಲ. ಆದರೆ ಆ ಬಾಗು ಹಿಮ್ಮಡಿ ಗಂಟಿನಿಂದ ಬರಬೇಕು, ಸೊಂಟದಿಂದ ಅಲ್ಲ. ಸೊಂಟದಲ್ಲಿ ಮಡಚಿದರೆ ಬೆನ್ನಿನ ಕೆಳಭಾಗದ ಸ್ನಾಯುಗಳು ಮೈಯ ಮೇಲ್ಭಾಗದ ಭಾರವನ್ನು ಅರ್ಧ ಗಂಟೆ ಬಿಡುವಿಲ್ಲದೆ ಹಿಡಿದು ನಿಲ್ಲಬೇಕು. ನೋವು ಬಲಗಡೆ ಜಾಸ್ತಿ ಇರುವುದಕ್ಕೆ ಒಂದೇ ಕೈಯಲ್ಲಿ ಕಂಬಿ ಹಿಡಿದು ತಿರುಚಿಕೊಳ್ಳುವುದೇ ಕಾರಣ ಇರಬಹುದು. ಮುಟ್ಟಿ ನೋಡದೆ ಖಚಿತವಾಗಿ ಹೇಳಲಾರೆ.

ಕುರ್ಚಿಯ ಪಾಲೂ ಇದೆ. ತೊಡೆ ಎತ್ತುವ ಒಂದು ಸ್ನಾಯು ನೇರವಾಗಿ ಸೊಂಟದ ಬೆನ್ನುಮೂಳೆಗೇ ಅಂಟಿಕೊಂಡಿದೆ. ದಿನವಿಡೀ ಕೂತರೆ ಅದು ಬಿಗಿಯಾಗುವುದುಂಟು. ಕಾಲು ಹಿಂದಕ್ಕೆ ಹೋದಾಗಲೆಲ್ಲ ಸೊಂಟವನ್ನು ಮುಂದಕ್ಕೆ ಜಗ್ಗುತ್ತದೆ.

ಹೀಗೆ ಮಾಡಿ. ಒಂದು ಮಂಡಿ ಊರಿ, ಪಿರ್ರೆ ಬಿಗಿ ಹಿಡಿದು, ಸೊಂಟವನ್ನು ನಿಧಾನಕ್ಕೆ ಮುಂದೆ ತಳ್ಳಿ, 30 ಸೆಕೆಂಡು, ಎರಡೂ ಕಡೆ. ಬೆನ್ನು ಹಿಂದಕ್ಕೆ ಬಾಗಿಸಿದರೆ ಏನೂ ಪ್ರಯೋಜನವಿಲ್ಲ, ಎಲ್ಲರೂ ಎಡವುವುದು ಅಲ್ಲೇ. ಆಮೇಲೆ ಅಂಗಾತ ಮಲಗಿ, ಮಂಡಿ ಮಡಚಿ ಪಿರ್ರೆ ಎತ್ತುವುದು, ಹತ್ತು ಸಲ. ಅಂಬೆಗಾಲಿನಲ್ಲಿ ನಿಂತು ಬಲಗೈ ಎಡಗಾಲು ಚಾಚುವುದು, ಬೆನ್ನ ಮೇಲೆ ನೀರಿನ ಲೋಟ ಇಟ್ಟಿದೆ ಅಂದುಕೊಂಡು. ಟ್ರೆಡ್‌ಮಿಲ್ ಇನ್‌ಕ್ಲೈನ್ 3ರಿಂದ ಶುರುಮಾಡಿ, ದಿನ ಬಿಟ್ಟು ದಿನ. ನೋವಿಲ್ಲದಿದ್ದರೆ ವಾರಕ್ಕೆ ಒಂದೇ ಅಂಕ ಏರಿಸಿ. ಕಂಬಿ ಹಿಡಿಯದೆ ನಡೆಯಲಾಗದಷ್ಟು ಏರು ನಿಮಗೆ ಜಾಸ್ತಿ ಅಂತಲೇ ಅರ್ಥ. ಮೂರ್ನಾಲ್ಕು ವಾರಕ್ಕೂ ಕಡಿಮೆಯಾಗದಿದ್ದರೆ ಯಾರಿಗಾದರೂ ಒಮ್ಮೆ ತೋರಿಸಿ.

ಬೆಟ್ಟದತಪ್ಪಲು:
ಆರು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಈಗ ಇನ್‌ಕ್ಲೈನ್ 7, ಕೈ ಬೀಸಿಕೊಂಡು 30 ನಿಮಿಷ. ನಡುವೆ ಒಂದು ಸಲ ಹಿಡಿಯಿತು. ಬೆಂಗಳೂರಿಗೆ ಬಸ್ಸಲ್ಲಿ ಹೋಗಿ ಬಂದ ಮಾರನೇ ದಿನ ಹುಮ್ಮಸ್ಸಿಗೆ 9ಕ್ಕೆ ಹಾಕಿದ್ದೆ. ಮತ್ತೆ 5ಕ್ಕೆ ಇಳಿದೆ, ಮೂರು ದಿನದಲ್ಲಿ ಸರಿಹೋಯಿತು. ಫೋನು ಈಗ ಲಾಕರಿನಲ್ಲಿರುತ್ತದೆ. ಅರ್ಧ ಗಂಟೆ ಬಲು ಬೇಜಾರು, ಅದೊಂದಕ್ಕೆ ಪರಿಹಾರ ಸಿಕ್ಕಿಲ್ಲ.

ರಾಗಿಮುದ್ದೆ76:
ಈ ಚರ್ಚೆಯನ್ನು ಭಾವನಿಗೆ ಕಳಿಸಿದ್ದೇನೆ ಸರ್. ಅವರಿಗೆ ಮತ್ತೆ ಹಿಡಿದುಕೊಂಡಿದೆ.