ದೊಡ್ಡಜ್ಜನ ಟ್ರಂಕಿನಲ್ಲಿ ಸಿಕ್ಕ ಹಳೆಯ ಪತ್ರಿಕೆ, ಕಾಗದಗಳನ್ನು ಉಳಿಸಿಕೊಳ್ಳುವುದು ಹೇಗೆ?

ಹಳೇಪೇಟೆ ಓದುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹಳೇಪೇಟೆಯಲ್ಲಿರುವ ನಮ್ಮ ದೊಡ್ಡಜ್ಜನ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಬೇಕಾಗಿರುವುದರಿಂದ ಅಟ್ಟದ ಸಾಮಾನನ್ನೆಲ್ಲ ಇಳಿಸಿದ್ದೇವೆ. ಕಬ್ಬಿಣದ ಟ್ರಂಕುಗಳಲ್ಲಿ ‘ಕಸ್ತೂರಿ’, ‘ಸುಧಾ’, ‘ಮಯೂರ’ದ ಹಳೆಯ ಸಂಚಿಕೆಗಳೂ ರಟ್ಟು ಕಿತ್ತುಹೋದ ಕಾದಂಬರಿಗಳೂ ಸಿಕ್ಕಿವೆ. ದೊಡ್ಡಜ್ಜ ಹತ್ತಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಅವರಿಗೆ ಬಂದ ಕಾರ್ಡುಗಳು ಮತ್ತು ಇನ್‌ಲ್ಯಾಂಡ್ ಪತ್ರಗಳು ಮಂಡಿಯ ಪದ್ಧತಿಯಂತೆ ಉದ್ದನೆಯ ತಂತಿಯ ಕೊಕ್ಕೆಗೆ ಚುಚ್ಚಿಕೊಂಡು ಹಾಗೆಯೇ ಇವೆ. ಮನೆಯವರು ಎಲ್ಲವನ್ನೂ ರದ್ದಿ ಅಂಗಡಿಗೆ ತೂಕಕ್ಕೆ ಹಾಕೋಣ ಎನ್ನುತ್ತಿದ್ದಾರೆ, ನನಗೆ ಮನಸ್ಸು ಒಪ್ಪುತ್ತಿಲ್ಲ. ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ತಾರೀಖಿಲ್ಲದ ಕಾಗದಗಳ ಕಾಲವನ್ನು ಹೇಗೆ ಗುರುತಿಸಬೇಕು, ಪುಡಿಯಾಗುತ್ತಿರುವ ಪುಟಗಳಿಗೆ ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಕೋಟೆಯೂರಿನವನು, ಚಿತ್ರದುರ್ಗ

ಮೊದಲು ಒಂದು ಮಾತು: ಆ ಕೊಕ್ಕೆಯಿಂದ ಕಾಗದಗಳನ್ನು ಒಟ್ಟಿಗೆ ಕಳಚಿ ರಾಶಿ ಹಾಕಬೇಡಿ. ಗುಮಾಸ್ತರು ಬಂದ ಕಾಗದವನ್ನು ಬಂದ ದಿನವೇ ಚುಚ್ಚುತ್ತಿದ್ದುದರಿಂದ ಕೆಳಗಿನದು ಹಳೆಯದು, ಮೇಲಿನದು ಹೊಸದು. ಆ ಕ್ರಮ ಕೆಟ್ಟರೆ ತಾರೀಖಿಲ್ಲದ ಕಾರ್ಡಿನ ಕಾಲವನ್ನು ಅದರ ಅಕ್ಕಪಕ್ಕದ ಕಾರ್ಡುಗಳಿಂದ ಊಹಿಸುವ ದಾರಿಯೇ ಮುಚ್ಚಿಹೋಗುತ್ತದೆ. ಒಂದೊಂದಾಗಿ ತೆಗೆಯುತ್ತ, ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಸಂಖ್ಯೆ ಹಾಕುತ್ತ ಹೋಗಿ.

ಅಂಚೆ ಮುದ್ರೆ ಓದಲು ಬಂದರೆ ಬೇರೆ ಸಾಕ್ಷಿ ಬೇಕಿಲ್ಲ. ಅದು ಅಳಿಸಿದ್ದರೆ ವಿಳಾಸವನ್ನು ನೋಡಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ಆದ್ದರಿಂದ ಆರಂಕಿಯ ಸಂಖ್ಯೆ ಇರುವ ಕಾಗದ ಅದಕ್ಕಿಂತ ಹಿಂದಿನದಾಗಿರಲಾರದು. ಸಂಖ್ಯೆ ಇಲ್ಲದ ಮಾತ್ರಕ್ಕೆ ಹಿಂದಿನದು ಎನ್ನಲೂ ಬಾರದು, ಏಕೆಂದರೆ ನಮ್ಮ ಕಡೆ ಬಹಳ ಜನ ಅದನ್ನು ಬರೆಯುತ್ತಲೇ ಇರಲಿಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ ಬಹುಮಟ್ಟಿಗೆ 1973ರ ನವೆಂಬರ್‌ಗೆ ಮೊದಲಿನದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ನಿಮ್ಮೂರಿನ ವಿಳಾಸದ ಕೆಳಗೆ ನಮ್ಮ ಜಿಲ್ಲೆಯ ಹೆಸರೇ ಇರುತ್ತಿತ್ತು.

ರಟ್ಟು ಹೋದ ಪತ್ರಿಕೆಗಳಿಗೆ ಜಾಹೀರಾತಿನ ಬೆಲೆಗಳೇ ಆಧಾರ. ಆಣೆಯ ಬದಲು ದಶಮಾಂಶ ನಾಣ್ಯ ಜಾರಿಗೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ಹೊಸ ಪೈಸೆಯ ಹೆಸರಿನ ಮುಂದಿದ್ದ ‘ನಯಾ’ ಎಂಬ ಮಾತು ಬಿದ್ದುಹೋದದ್ದು 1964ರಲ್ಲಿ. ಹುಬ್ಬಳ್ಳಿಯಿಂದ ‘ಕಸ್ತೂರಿ’ ಆರಂಭವಾದದ್ದು 1956ರಲ್ಲಿ. ಆಣೆಯ ಲೆಕ್ಕವಿರುವ ಸಂಚಿಕೆ ಸಿಕ್ಕರೆ ಅದು ಮೊದಮೊದಲಿನದು ಎಂದು ತಿಳಿದು ಜೋಪಾನ ಮಾಡಿ. ‘ಸುಧಾ’ 1965ರಲ್ಲಿ, ‘ಮಯೂರ’ 1968ರಲ್ಲಿ ಆರಂಭವಾದವು.

ಬೈಂಡಿಂಗ್ ಕೆಲಸ, ದಾವಣಗೆರೆ

ಹರಿದ ಕಡೆ ಸೆಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಶನ್ನಂತೂ ಬೇಡವೇ ಬೇಡ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಕ್ಷರದೊಳಗೆ ಇಳಿಯುತ್ತದೆ. ಅದನ್ನು ಬಿಡಿಸಲು ಹೋದರೆ ಕಾಗದವೇ ಎದ್ದು ಬರುತ್ತದೆ. ಪತ್ರಿಕೆಗಳ ಬೆನ್ನಿನಲ್ಲಿರುವ ಪಿನ್ನುಗಳು ತುಕ್ಕು ಹಿಡಿದಿರುತ್ತವೆ. ಅವನ್ನು ಎಳೆಯದೆ, ನಡುಪುಟದಲ್ಲಿ ಮಡಚಿಕೊಂಡ ಎರಡೂ ಕಾಲುಗಳನ್ನು ತೆಳುವಾದ ಚಾಕುವಿನ ತುದಿಯಿಂದ ನೆಟ್ಟಗೆ ನಿಲ್ಲಿಸಿ, ಬೆನ್ನಿನ ಕಡೆಯಿಂದ ಹೊರಗೆ ತೆಗೆದು, ಅದೇ ತೂತುಗಳಲ್ಲಿ ಹತ್ತಿಯ ದಾರ ಪೋಣಿಸಿ ಸಡಿಲವಾಗಿ ಗಂಟು ಹಾಕಿ.

ಅಂಟಿಸಲೇಬೇಕಾದಲ್ಲಿ ತೆಳ್ಳಗೆ ಕುದಿಸಿದ ಮೈದಾ ಗಂಜಿ ಸಾಕು. ಹುಳ ಬಾರದಿರಲೆಂದು ನಾವು ಲೆಕ್ಕದ ಪುಸ್ತಕಗಳ ಗಂಜಿಗೆ ಮೈಲುತುತ್ತ ಬೆರೆಸುವುದುಂಟು, ಆದರೆ ಅದು ಕಾಲ ಕಳೆದಂತೆ ಕಾಗದದ ಕಸುವನ್ನು ತಿನ್ನುವುದರಿಂದ ನಿಮ್ಮ ಹಳೆಯ ಪುಟಗಳಿಗೆ ಬೇಡ. ಪುಸ್ತಕಗಳನ್ನು ಬಿಸಿಲಿಗೆ ಹರಡದೆ ನೆರಳಿನಲ್ಲಿ ಗಾಳಿಗೆ ಬಿಡಿ. ನ್ಯೂಸ್‌ಪ್ರಿಂಟ್ ಹಳದಿಯಾಗುವುದು ಮರದ ತಿರುಳಿನ ಗುಣದಿಂದ, ಬೆಳಕೂ ಸೆಕೆಯೂ ಅದನ್ನು ಇನ್ನಷ್ಟು ಬೇಗ ಕೆಡಿಸುತ್ತವೆ.

ಹಳೇಪೇಟೆ ಓದುಗ, ದಾವಣಗೆರೆ

ಇಬ್ಬರಿಗೂ ತುಂಬಾ ಧನ್ಯವಾದ. ವಾರಪತ್ರಿಕೆಗಳಿಂದ ಧಾರಾವಾಹಿಯ ಪುಟಗಳನ್ನಷ್ಟೇ ಬಿಡಿಸಿ, ದಪ್ಪ ದಾರದಲ್ಲಿ ಹೊಲಿದು, ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿದ ಕಟ್ಟುಗಳೂ ಇವೆ. ದೊಡ್ಡಮ್ಮ ಮಾಡಿದ್ದಂತೆ. ಪತ್ರಿಕೆಯನ್ನು ಕತ್ತರಿಸಿರುವುದರಿಂದ ಇವಕ್ಕೆ ಬೆಲೆಯಿಲ್ಲವೇ?

ಕೋಟೆಯೂರಿನವನು, ಚಿತ್ರದುರ್ಗ

ನನ್ನನ್ನು ಕೇಳಿದರೆ ಆ ಟ್ರಂಕಿನಲ್ಲಿ ಮೊದಲು ಎತ್ತಿಡಬೇಕಾದದ್ದೇ ಅವು. ಧಾರಾವಾಹಿ ಮುಂದೆ ಪುಸ್ತಕವಾಗಿ ಅಚ್ಚಾದಾಗ ಪತ್ರಿಕೆಯ ಕಲಾವಿದರು ವಾರವಾರವೂ ಬರೆದ ಚಿತ್ರಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದರು, ಲೇಖಕರು ಎಷ್ಟೋ ಸಲ ಬರಹವನ್ನೂ ತಿದ್ದುತ್ತಿದ್ದರು. ಮೇಲಾಗಿ, ಮನೆಯ ಹೆಣ್ಣುಮಕ್ಕಳು ಯಾವುದನ್ನು ಮತ್ತೆ ಓದಲು ಬಯಸಿದರು ಎಂಬುದನ್ನು ಇಂಥ ಕಟ್ಟುಗಳಷ್ಟು ನೇರವಾಗಿ ತಿಳಿಸುವ ದಾಖಲೆ ನಮಗೆ ಬೇರೆ ಸಿಗುವುದು ಕಷ್ಟ. ಹೊಲಿಗೆಯನ್ನು ಬಿಚ್ಚಬೇಡಿ, ಕ್ಯಾಲೆಂಡರಿನ ಹಾಳೆಯನ್ನೂ ತೆಗೆಯಬೇಡಿ; ಅದರ ಮೇಲೆ ಇಸವಿ ಉಳಿದಿದ್ದರೆ ಕಟ್ಟು ಯಾವಾಗಿನದೆಂಬ ಸುಳಿವೂ ಅಲ್ಲೇ ಸಿಗುತ್ತದೆ. ಎಷ್ಟೋ ಕಡೆ ಸಿಗುವ ಬಿಡಿ ಸಂಚಿಕೆಗಳನ್ನು ಜಾಗವಿಲ್ಲದಿದ್ದರೆ ಬೇರೆ ಸಂಗ್ರಾಹಕರಿಗೆ ಕೊಡಬಹುದು.

ಕಾಗದಗಳ ಫೋಟೋಗಳನ್ನು ಇಲ್ಲಿ ಹಾಕುವ ಮುನ್ನ ಮಾತ್ರ ಯೋಚಿಸಿ. ಕಾಗದ ನಿಮ್ಮ ಮನೆಯದಾದರೂ ಅದರಲ್ಲಿರುವ ಬರಹದ ಹಕ್ಕು ಬರೆದವರದು, ಅವರ ನಂತರ ಅವರ ವಾರಸುದಾರರದು. ಸಾಲ, ಸಂಬಂಧ, ಕಾಯಿಲೆಯ ಸಂಗತಿಗಳಿರುವ ಪತ್ರಗಳನ್ನು ಬೇರೆ ಲಕೋಟೆಯಲ್ಲಿಟ್ಟು, ಮನೆಯ ಹಿರಿಯರನ್ನು ಕೇಳಿದ ಮೇಲೆಯೇ ಮುಂದುವರಿಯಿರಿ. ಹತ್ತಿಯ ಧಾರಣೆ, ಲಾರಿ ಬಾಡಿಗೆ, ಮಳೆಯ ಸುದ್ದಿ ಬರೆದ ವ್ಯಾಪಾರದ ಕಾರ್ಡುಗಳಿದ್ದರೆ ದಯವಿಟ್ಟು ತಿಳಿಸಿ, ನಾನೇ ದಾವಣಗೆರೆಗೆ ಬಂದು ಪಟ್ಟಿ ಮಾಡಲು ಕೂರುತ್ತೇನೆ.